ನಾನು ಕಾಲಿಟ್ಟ ಕೊಟ್ಟಿಗೆಗಳು

ನಿವೃತ್ತಿಯ ದಿನ ಕಚೇರಿಯವರು ನನಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಒಂದು ಗೋಡೆ ಗಡಿಯಾರವನ್ನೂ ಕೊಟ್ಟರು. ಇಡೀ ನೌಕರಿಯಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಬರದ ಕಚೇರಿ ನಮ್ಮದು. ಹೊರಡುವ ದಿನ ಮಾತ್ರ ಎಲ್ಲರಿಗೂ ತಪ್ಪದೆ ಗಡಿಯಾರ ಕೊಡುತ್ತಾರೆ. ಆಮೇಲೆ ಸಾಹೇಬರು ಮೈಕಿನ ಮುಂದೆ ನಿಂತು, ಹೈದರಾಬಾದಿನ ಸುತ್ತಮುತ್ತ ಇವರು ಕಾಲಿಡದ ದನದ ಕೊಟ್ಟಿಗೆಯೇ ಇಲ್ಲ ಎಂದು ತೆಲುಗಿನಲ್ಲಿ ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಜೀಪಿನ ಡ್ರೈವರ್ ನರ್ಸಿಮ್ಲು ಒಬ್ಬ ತಟ್ಟಲಿಲ್ಲ. ಅವನು ನನ್ನ ಕಾಲಿನ ಕಡೆ ನೋಡುತ್ತಿದ್ದ.

ಅವನು ಹಾಗೇಕೆ ನೋಡಿದ ಎಂಬುದನ್ನು ಬರೆಯಲೆಂದೇ ಕೂತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು, ಅದರಲ್ಲೂ ನಮ್ಮಂಥ ಕನ್ನಡ ಮನೆಗಳಿಂದ ಬಂದವರು, ಓದಿದರೆ ಸಾಕು. ನನಗೆ ಯಾವ ವರ್ಷ ಬಡ್ತಿ ಬಂತು, ಯಾರಿಗೆ ನನಗಿಂತ ಮೊದಲು ಬಂತು ಎಂಬುದನ್ನೆಲ್ಲ ನನ್ನ ಹೆಂಡತಿ ಬಾಯಿಪಾಠ ಮಾಡಿದ್ದಾಳೆ. ಬೇಕಾದವರು ಅವಳನ್ನು ಕೇಳಿ.

ಮೊದಲು ಕೆಲಸ ಏನು ಎಂದು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಬಂಧುಬಳಗಕ್ಕೂ ಅದು ಇನ್ನೂ ಅರ್ಥವಾಗಿಲ್ಲ. ಮದುವೆ ಮನೆಗಳಲ್ಲಿ ಬೀದರಿನ ಚಿಕ್ಕಪ್ಪ ತಪ್ಪದೆ ಕೇಳುತ್ತಾರೆ: "ಏನಪಾ, ಈ ವರ್ಷ ಎಷ್ಟ ದನಾ ಆರಾಮ ಮಾಡಿದಿ?" ಒಂದನ್ನೂ ಮಾಡಿಲ್ಲ. ಪಶುವೈದ್ಯ ಎಂದು ಹೆಸರು, ಆದರೆ ನನ್ನದು ಎಣಿಸುವ ಕೆಲಸ. ಕಾಲುಬಾಯಿ ರೋಗ, ಇಲ್ಲಿನ ತೆಲುಗಿನವರು ಗಾಲಿಕುಂಟು ಎನ್ನುವುದು, ಒಂದು ಕೊಟ್ಟಿಗೆಗೆ ಬಂದರೆ ಅಲ್ಲಿಂದ ಎಷ್ಟು ಕೊಟ್ಟಿಗೆಗೆ ದಾಟಿತು, ಎಷ್ಟು ದಿನಕ್ಕೆ ದಾಟಿತು, ಯಾರ ಜೊತೆ ದಾಟಿತು ಎಂದು ಅಳೆಯುವುದು. ಒಂದು ಕೊಟ್ಟಿಗೆ ಸರಾಸರಿ ಒಂದಕ್ಕಿಂತ ಹೆಚ್ಚು ಕೊಟ್ಟಿಗೆಗೆ ರೋಗ ಕೊಟ್ಟರೆ ಹಬ್ಬುತ್ತಿದೆ ಎಂದು ಅರ್ಥ, ಕಡಿಮೆ ಕೊಟ್ಟರೆ ಇಳಿಯುತ್ತಿದೆ ಎಂದು ಅರ್ಥ. ಇಷ್ಟನ್ನೇ ನಾವು ದಪ್ಪ ದಪ್ಪ ವರದಿಗಳಲ್ಲಿ, ಯಾರಿಗೂ ತಿಳಿಯಬಾರದೆಂಬ ಎಚ್ಚರದಿಂದ ಬರೆಯುತ್ತಿದ್ದೆವು.

ದಾಟಿಸುವವರ ಪಟ್ಟಿ ದೊಡ್ಡದು. ಹಾಲಿನ ವ್ಯಾನಿನವನು, ಹಿಂಡಿ ಮಾರುವವನು, ದನದ ದಲಾಲಿ, ಗರ್ಭ ಕಟ್ಟಿಸುವ ಸೂಜಿಯವನು, ಸಂತೆಯಿಂದ ತಂದ ಹೊಸ ಆಕಳು, ಗಾಳಿ, ಬೀದಿನಾಯಿ. ನಮ್ಮ ಫಾರಮ್ಮಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾಲಂ ಇತ್ತು. ಆ ಪಟ್ಟಿಯನ್ನು ಸಿದ್ಧ ಮಾಡಿದವನು ನಾನೇ, ಮತ್ತು ಏನೂ ಬಿಟ್ಟಿಲ್ಲ ಎಂದು ಭಾಳ ವರ್ಷ ಬೀಗಿದವನೂ ನಾನೇ.

ನನ್ನ ಇನ್ನೊಂದು ಹೆಮ್ಮೆ ನಾಲಿಗೆ. ನನ್ನದಲ್ಲ, ದನದ್ದು. ಈ ರೋಗದಲ್ಲಿ ದನದ ನಾಲಿಗೆಯ ಮೇಲೆ ಬೊಬ್ಬೆ ಏಳುತ್ತದೆ, ಒಡೆಯುತ್ತದೆ, ಕೆಂಪಗಾಗುತ್ತದೆ, ಅಂಚಿನಿಂದ ಬಿಳಿಚಿ ಮಾಯುತ್ತದೆ. ಅದನ್ನು ನೋಡಿ ಹುಣ್ಣಿಗೆ ಎಷ್ಟು ದಿನವಾಯಿತೆಂದು ಹೇಳಬಹುದು. ಹುಣ್ಣಿನ ವಯಸ್ಸು ಗೊತ್ತಾದರೆ ರೋಗ ಯಾವ ವಾರ ಹೊಕ್ಕಿತೆಂದು ಹಿಂದಕ್ಕೆ ಎಣಿಸಬಹುದು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ನಾಲ್ಕು ಜನರ ಬಳಿ ಹೇಳಿ, ಅವರ ಬಾಯಿಂದ ಉಳಿದವರಿಗೆ ಹೇಳಿಸಿದ್ದೆ. ಎಡಗೈಯಲ್ಲಿ ಮೂಗು ಹಿಡಿದು, ಬಲಗೈಯಲ್ಲಿ ನಾಲಿಗೆ ಎಳೆದು, "ಮೂರು ದಿನ" ಎನ್ನುತ್ತಿದ್ದೆ. ಜೊಲ್ಲಾದ ಕೈಯನ್ನು ಹೆಗಲ ಮೇಲಿನ ಟವೆಲಿಗೆ ಒರೆಸಿ ಮುಂದಿನ ದನಕ್ಕೆ ಹೋಗುತ್ತಿದ್ದೆ. ಜಾತ್ರೆಯಲ್ಲಿ ಕೈ ನೋಡಿ ಭವಿಷ್ಯ ಹೇಳುವವನಿಗೆ ಸಿಗುವಷ್ಟೇ ಮರ್ಯಾದೆ ನನಗೂ ಸಿಗುತ್ತಿತ್ತು. ಟವೆಲನ್ನು ಯಾರೂ ನೋಡಲಿಲ್ಲ.

ಎಣಿಕೆಯಲ್ಲಿ ನಾವು ಎಂಥ ಗಟ್ಟಿಗರೆಂದು ತಿಳಿಯಬೇಕಾದರೆ, ಸಿಕಂದರಾಬಾದಿನ ಒಂದು ಸಾಲು ತಬೇಲಾಗಳಿಗೆ, ಅಂದರೆ ಎಮ್ಮೆ ಕೊಟ್ಟಿಗೆಗಳಿಗೆ, ಎಣಿಸಲು ಹೋದ ಕಥೆ ಕೇಳಿ. ಒಂದಕ್ಕೊಂದು ಗೋಡೆ ಹಚ್ಚಿದ ಮೂರು ತಬೇಲಾ. ಮಾಲೀಕ ಗೇಟಿನಲ್ಲೇ ಕುರ್ಚಿ ಹಾಕಿ, "ಆವೋ ಡಾಕ್ಟರ್ ಸಾಬ್, ಪೈಲೇ ಚಾಯ್ ಪೀವೋ" ಎಂದ. ಇರಾನಿ ಚಹಾ, ಜೊತೆಗೆ ಉಸ್ಮಾನಿಯಾ ಬಿಸ್ಕತ್ತು. ನಾವು ಬಿಸ್ಕತ್ತು ಅದ್ದುತ್ತಿದ್ದಾಗ ಒಳಗೆ ಗೊರಸಿನ ಸದ್ದು ಆಗುತ್ತಿತ್ತು. ಚಹಾ ಮುಗಿಸಿ ಎಣಿಸಿದೆವು. ಎಲ್ಲವೂ ಆರಾಮಾಗಿದ್ದವು. ಎರಡನೆಯದಕ್ಕೆ ಹೋದರೆ ಅಲ್ಲೂ ಚಹಾ, ಅಲ್ಲೂ ಗೊರಸಿನ ಸದ್ದು, ಎಲ್ಲವೂ ಆರಾಮು. ಬಲಗೊಂಬು ಮುರಿದ ಒಂದು ಎಮ್ಮೆಯನ್ನು ಮೊದಲನೆಯದರಲ್ಲಿ ನೋಡಿದ್ದೆ, ಎರಡನೆಯದರಲ್ಲೂ ನೋಡಿದೆ, ಮೂರನೆಯದರಲ್ಲಿ ಅದು ನನ್ನನ್ನು ಗುರುತು ಹಿಡಿದು ತಲೆ ಎತ್ತಿತು. ಹಿಂದಿನ ಗೋಡೆಯಲ್ಲಿ ಬಾಗಿಲಿತ್ತು. ಆರೋಗ್ಯವಂತ ಎಮ್ಮೆಗಳೆಲ್ಲ ನಮಗಿಂತ ಒಂದು ತಬೇಲಾ ಮುಂದೆ ನಡೆಯುತ್ತಿದ್ದವು, ಜಡ್ಡು ಬಿದ್ದವು ಒಂದು ತಬೇಲಾ ಹಿಂದೆ. ವರದಿಯಲ್ಲಿ ನಾವು ಆರೋಗ್ಯವಂತ ಎಮ್ಮೆಗಳನ್ನು ಮೂರು ಪಟ್ಟು ಮಾಡಿ ಬರೆದೆವು. ರೋಗದ ಪ್ರಮಾಣ ಚೆನ್ನಾಗಿ ಇಳಿಯಿತೆಂದು ಮೇಲಿನಿಂದ ಮೆಚ್ಚುಗೆಯ ಪತ್ರ ಬಂತು.

ಮೇಲಿನವರು ಎಂದೆನಲ್ಲ, ಸಾಹೇಬರ ವಿಷಯ ಹೇಳದೆ ಹೋದರೆ ಪಾಪ ಬರುತ್ತದೆ. ನಕ್ಷೆಯಲ್ಲಿ ರೋಗ ಬಂದ ಕೊಟ್ಟಿಗೆಗಳನ್ನು ಕೆಂಪು ಚುಕ್ಕೆಯಿಂದ ತೋರಿಸುತ್ತಿದ್ದೆವು. ಒಮ್ಮೆ ಅವರು ನಕ್ಷೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ಕೆಂಪು ಬಹಳ ಆಯಿತು, ನೋಡಿದವರು ಗಾಬರಿ ಬೀಳುತ್ತಾರೆ, ಗುಲಾಬಿ ಹಾಕಿ" ಎಂದರು. ಗುಲಾಬಿ ಹಾಕಿದೆವು. ಇಡೀ ಜಿಲ್ಲೆ ಹಬ್ಬಕ್ಕೆ ಅಲಂಕಾರ ಮಾಡಿದ ಹಾಗೆ ಕಂಡಿತು. ಆಮೇಲೆ ಅವರಿಗೇ ಏನೋ ಕೊರತೆ ಅನಿಸಿ, "ಮೂಲ ಯಾವುದೋ ಅದೊಂದು ಮಾತ್ರ ಕೆಂಪು ಇರಲಿ. ಎಲ್ಲಿಂದ ಬಂತು ಅಂತ ಒಂದು ಕಡೆ ಬೊಟ್ಟು ಮಾಡಿ ತೋರಿಸಬೇಕಲ್ಲ" ಎಂದರು. ಅಂದಿನಿಂದ ಪ್ರತಿ ನಕ್ಷೆಯಲ್ಲೂ ಗುಲಾಬಿಗಳ ನಡುವೆ ಒಂದೇ ಒಂದು ಕೆಂಪು ಚುಕ್ಕೆ ಇರಬೇಕೆಂಬ ನಿಯಮವಾಯಿತು. ಮೂಲ ಗೊತ್ತಾಗದಿದ್ದರೂ ಕೆಂಪು ಚುಕ್ಕೆ ತಪ್ಪುವಂತಿರಲಿಲ್ಲ.

ಆಮೇಲೆ ಕಾಗದ ಹೋಗಿ ಆ್ಯಪ್ ಬಂತು. ಮಾದಾಪುರದ ಒಂದು ಗಾಜಿನ ಕಟ್ಟಡದಲ್ಲಿ ಅದನ್ನು ತಯಾರಿಸಿದರು. ನಾನು ಸಲಹೆ ಕೊಡಲು ಹೋಗಿದ್ದೆ. ಒಳಗೆ ಚಳಿ ಎಷ್ಟಿತ್ತೆಂದರೆ ನನ್ನ ಸಲಹೆಗಳೆಲ್ಲ ಗಂಟಲಲ್ಲೇ ಉಳಿದವು. ದನದ ಹುಟ್ಟಿದ ದಿನಾಂಕ ಹಾಕದಿದ್ದರೆ ಮುಂದೆ ಹೋಗದ ಆ್ಯಪ್ ಅದು. ದನದ ಮಾಲೀಕನ ಮೊಬೈಲಿಗೆ ಓಟಿಪಿ ಬರಬೇಕು, ಅದನ್ನು ಹಾಕಿದ ಮೇಲೆಯೇ ದನಕ್ಕೆ ರೋಗ ಬಂದಿದೆಯೆಂದು ದಾಖಲಾಗುತ್ತದೆ. ಕೊಟ್ಟಿಗೆಯಲ್ಲಿ ಸಿಗ್ನಲ್ ಇಲ್ಲ. ಮಾಲೀಕ ಮೊಬೈಲು ಹಿಡಿದು ರಸ್ತೆಗೆ ಓಡಬೇಕು, ಓಟಿಪಿ ಹಿಡಿದುಕೊಂಡು ವಾಪಸು ಓಡಿಬರುವಷ್ಟರಲ್ಲಿ ಅದರ ಗಡುವು ಮುಗಿದಿರುತ್ತಿತ್ತು. ಇನ್ನೊಂದು ವಿಶೇಷವೆಂದರೆ, ಒಂದು ಕೊಟ್ಟಿಗೆಗೆ ಗುರುತು ಅದರ ಜಾಗವಲ್ಲ, ಮಾಲೀಕನ ಮೊಬೈಲ್ ನಂಬರು. ಆಗ ಅದು ಅನುಕೂಲವೆಂದು ನಾನೂ ತಲೆಯಾಡಿಸಿದ್ದೆ. ಈ ತಲೆಯಾಡಿಸಿದ್ದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಈಗ ಆ ಸೋಮವಾರಕ್ಕೆ ಬರುತ್ತೇನೆ. ಇಷ್ಟು ಹೊತ್ತು ನಗಿಸಿದ್ದು ಇದನ್ನು ಮುಂದೆ ಹಾಕುವುದಕ್ಕೇ ಇರಬೇಕು.

ಆ ಚಳಿಗಾಲ ರೋಗ ಜೋರಾಗಿತ್ತು. ಸೋಮವಾರ ಬೆಳಿಗ್ಗೆ ಮೊದಲು ಸಿಕಂದರಾಬಾದಿನ ಒಂದು ತಬೇಲಾಕ್ಕೆ ಹೋದೆವು. ಅಲ್ಲಿ ಮುಚ್ಚಿಡುವಂಥದ್ದೇನೂ ಉಳಿದಿರಲಿಲ್ಲ, ಎಲ್ಲ ಎಮ್ಮೆಗಳೂ ಜೊಲ್ಲು ಸುರಿಸುತ್ತಿದ್ದವು. ಒಂದೊಂದರ ನಾಲಿಗೆಯನ್ನೂ ಎಳೆದು ನೋಡಿ ದಿನ ಬರೆಸಿದೆ. ಹೊರಗೆ ಬಂದು ನರ್ಸಿಮ್ಲು ನನ್ನ ಬೂಟಿಗೆ ಫಿನಾಯಿಲ್ ಚಿಮುಕಿಸಿದ. ಫಿನಾಯಿಲಿನ ಗುಣ ಏನೆಂದರೆ ವಾಸನೆ ಬರುತ್ತದೆ, ವಾಸನೆ ಬಂದರೆ ಸಾಹೇಬರಿಗೆ ಸಮಾಧಾನವಾಗುತ್ತದೆ. ಈ ರೋಗಕ್ಕೆ ಅದಕ್ಕಿಂತ ಬಟ್ಟೆ ಒಗೆಯುವ ವಾಷಿಂಗ್ ಸೋಡಾದ ನೀರು ಎಷ್ಟೋ ಮೇಲು ಎಂದು ನಾವು ಕಾಲೇಜಿನಲ್ಲೇ ಓದಿದ್ದೆವು. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡ ಮೇಲೆ ಅದರ ಕೆಲಸ ಮುಗಿದಿತ್ತು.

ಅಲ್ಲಿಂದ ನೇರ ಕುಷಾಯಿಗೂಡಕ್ಕೆ. ನಮ್ಮ ಮನೆಯೂ ಅದೇ ಕಡೆ. ವಸತಿಯ ಆಚೆ, ಖಾಲಿ ಪ್ಲಾಟುಗಳ ಅಂಚಿನಲ್ಲಿ ಒಂದು ಓಣಿ, ಅದರಲ್ಲಿ ಆರು ಕೊಟ್ಟಿಗೆ. ಅಲ್ಲಿ ರೋಗ ಬಂದಿರಲಿಲ್ಲ. ರೋಗ ಇಲ್ಲದ ಕಡೆಯೂ ಎಣಿಸಬೇಕು, ಇಲ್ಲದಿದ್ದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಇದು ಸರಿಯಾದ ಪದ್ಧತಿಯೇ. ಎರಡು ಕೊಟ್ಟಿಗೆಗೆ ಬೀಗ ಹಾಕಿತ್ತು, ಅವುಗಳ ಮಾಲೀಕರಾದ ಅಣ್ಣತಮ್ಮಂದಿರು ಯಾವುದೋ ಮದುವೆಗೆ ಹೋಗಿದ್ದರು. ಮೊದಲ ಬಾಗಿಲೇ ದ್ಯಾವಮ್ಮ ಎಂಬ ಹೆಂಗಸಿನದು.

ತಗಡಿನ ಬಾಗಿಲಿಗೆ ಅಡ್ಡಲಾಗಿ ಬೇವಿನ ಸೊಪ್ಪು ಸಿಕ್ಕಿಸಿದ ಹಗ್ಗ ಕಟ್ಟಿತ್ತು. ಕೆಳಗೆ ಒಡೆದ ಅಂಚಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು. ನರ್ಸಿಮ್ಲು ತೆಲುಗಿನಲ್ಲಿ ಕೂಗಿದ. ಒಳಗಿನಿಂದ ಹೆಣ್ಣು ದನಿ, "ರೋಗಂ ಲೇದು, ಪೊಂಡಿ!" ಎಂದಿತು. ರೋಗ ಇಲ್ಲ, ಹೋಗಿ ಎಂದು. ನಾನು ಹಿಂದಿಯಲ್ಲಿ, ಸರ್ಕಾರಿ ಕೆಲಸ, ಬಾಗಿಲು ತೆಗೆಯಬೇಕು ಎಂದೆ. ಬಾಗಿಲು ತೆರೆಯಲಿಲ್ಲ. ವಾಪಸು ಹೊರಡಬೇಕು ಎನ್ನುವಾಗ ಆಕೆ ಒಳಗೆ ಯಾವುದೋ ಆಕಳನ್ನು ಬೈದದ್ದು ಕೇಳಿಸಿತು: "ಏ, ಸರಿ ಅತ್ಲಾಗ! ಕರಾ ಮಲಗೇದ, ತುಳೀತಿ ಅಂದ್ರ ತಿಳಿಯಂಗಿಲ್ಲೇನ ನಿನಗ?"

ನನ್ನ ಕಿವಿ ನೆಟ್ಟಗಾಯಿತು. "ಯವ್ವಾ, ಯಾವೂರವಾ ನಿಂದು?" ಎಂದೆ.

ಬಾಗಿಲು ಒಂದು ಗೇಣು ತೆರೆಯಿತು. ಐವತ್ತರ ಆಸುಪಾಸಿನ ಹೆಂಗಸು, ಕೈಗೆ ಸಗಣಿ. "ಸುರಪುರ ಕಡ್ಯಾಕಿ ರೀ. ನೀವೂ ಕನ್ನಡದವ್ರೇನ್ರಿ?"

"ನಮ್ಮ ಅಜ್ಜಾರು ಬೀದರ ಕಡ್ಯಾವ್ರು."

"ಅಯ್ಯ, ಮೊದಲ ಹೇಳಬಾರದೇನ್ರಿ!" ಎಂದು ಆಕೆ ಮುಖ ಅರಳಿಸಿದಳು. ಗಾರೆ ಕೆಲಸಕ್ಕೆಂದು ಗಂಡನ ಜೊತೆ ಬಂದವಳು, ಗಂಡ ಈಗಲೂ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ತಾನು ಮಾತ್ರ ಕಲ್ಲು ಹೊರುವುದು ಬಿಟ್ಟು ಒಂದು ಆಕಳಿನಿಂದ ಏಳು ಮಾಡಿದ್ದಾಳೆ, ಕಾಲೊನಿಯ ಮನೆಗಳಿಗೆ ಹಾಲು ಹಾಕುತ್ತಾಳೆ, ಇಷ್ಟನ್ನೂ ಬಾಗಿಲಲ್ಲೇ ಹೇಳಿದಳು. ಆದರೆ ಹಗ್ಗ ಬಿಚ್ಚಲಿಲ್ಲ. "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಊರಾಗ ರೋಗ ಐತಂತ. ನಮ್ಮ ಕಡೆ ಹಿಂಗ ಬಂದಾಗ ಬೇವಿನ ಹಗ್ಗಾ ಕಟ್ಟಿ ಹೊರಗಿನ ಮಂದೀನ್ನ ಓಣ್ಯಾಗ ಬಿಡಂಗಿಲ್ರಿ."

ಆಗ ನಾನು ಅಂದ ಮಾತು ಇದು: "ನಾ ಹೊರಗಿನಾಂವ ಏನವಾ ನಿನಗ?"

ಇಡೀ ನೌಕರಿಯಲ್ಲಿ ನಾನು ಆಡಿದ ಮಾತುಗಳಲ್ಲಿ ವಾಪಸು ತೆಗೆದುಕೊಳ್ಳಬೇಕೆನಿಸುವ ಮಾತು ಇದೊಂದೇ.

ಆಕೆ ಹಗ್ಗ ಬಿಚ್ಚಿದಳು. "ನಮ್ಮ ಮಂದಿಗೆ ಹ್ಯಾಂಗ ಇಲ್ಲ ಅನ್ಲಿ? ಬರ್ರಿ. ಬೂಟಷ್ಟ ಬಿಚ್ರಿ, ಟಬ್ಬಿನ್ಯಾಗ ಕಾಲು ಕೈ ತೊಳಕೊಳ್ರಿ. ಸೋಡಾದ ನೀರು ಐತಿ." ಆಕೆ ಕಾಲೇಜು ಓದಿದವಳಲ್ಲ. ಊರಲ್ಲಿ ಹಿರಿಯರು ಬೂದಿ ನೀರಿನಲ್ಲಿ ಕಾಲು ತೊಳೆಸುತ್ತಿದ್ದರಂತೆ; ಇಲ್ಲಿ ಬೂದಿ ಸಿಗದೆ ಸೋಡಾ ಹಾಕಿದ್ದಳು. ನಾನು ನಕ್ಕೆ. "ಬೂಟಿಗೆ ಫಿನಾಯಿಲ್ ಹೊಡದೇವವಾ, ವಾಸನಿ ಬರವಲ್ದೇನು?" ಎಂದು ಟಬ್ಬು ದಾಟಿ ಒಳಗೆ ಹೋದೆ.

ಒಳಗೆ ನೆಲ ಒಣಗಿತ್ತು, ಆಕಳುಗಳ ಮೈ ಮಿರಿಮಿರಿ ಮಿಂಚುತ್ತಿತ್ತು. ಹುಟ್ಟಿ ಹತ್ತು ದಿನವಾದ ಹೆಣ್ಣುಗರು ಮೂಲೆಯಲ್ಲಿ ಗೋಣಿಯ ಮೇಲೆ ಮಲಗಿತ್ತು, ಅದನ್ನು ಆಕೆ ಗೌರಿ ಎಂದು ಕರೆಯುತ್ತಿದ್ದಳು. ಏಳೂ ಆಕಳ ನಾಲಿಗೆ ಎಳೆದು ನೋಡಿದೆ. ಒಂದರ ಮೇಲೂ ಗೀರಿಲ್ಲ. ನನ್ನ ಕೈ ಒರೆಸಿಕೊಂಡೆ, ಅದೇ ಟವೆಲಿಗೆ. ಕರುವಿನ ಬಾಯಿಗೂ ಬೆರಳು ಹಾಕಿದೆ. ಅದು ಹಾಲೆಂದು ತಿಳಿದು ಚೀಪಿತು. ದ್ಯಾವಮ್ಮ ನಕ್ಕು, "ನಿಮ್ಮನ್ನ ಹಚಗೊಂಡದ ನೋಡ್ರಿ" ಎಂದಳು. ಆಮೇಲೆ ಫಾರಂ ತುಂಬಿಸಿದೆ. ಹಲ್ಲೆಷ್ಟು, ಸೂಲೆಷ್ಟು, ಹಿಂಡಿ ಎಲ್ಲಿಂದ, ನೀರು ಎಲ್ಲಿಂದ. ಮೂರು ತಿಂಗಳ ಹಿಂದೆ ಸುರಪುರದ ಕಡೆಯಿಂದ ಇನ್ನೂ ಕರು ಹಾಕದ ಒಂದು ಮಣಕ ತಂದಿದ್ದೆ ಎಂದಳು, ಬರೆದುಕೊಂಡೆ. ಮೂಢನಂಬಿಕೆಗಳು ಎಂಬ ಕಾಲಂ ಇತ್ತು, ಅದರಲ್ಲಿ ಬೇವಿನ ಹಗ್ಗ ಮತ್ತು ಟಬ್ಬು ಎಂದು ಬರೆದೆ. ಹೊರಡುವಾಗ ಕಾಯಿಸಿದ ಹಾಲು ಕೊಟ್ಟಳು. ಓಣಿಯ ಉಳಿದ ಮೂರು ಕೊಟ್ಟಿಗೆಯವರು ನಮ್ಮನ್ನು ಒಳಗೆ ಬಿಡಲು ತಕರಾರು ಮಾಡಿದಾಗ, "ದ್ಯಾವಮ್ಮನೇ ಬಿಟ್ಟಿದ್ದಾಳೆ" ಎಂದು ಆಕೆಯ ಹೆಸರನ್ನೇ ಹೇಳಿ ಒಳಗೆ ಹೋದೆ.

ಮುಂದಿನ ಭಾನುವಾರ ದ್ಯಾವಮ್ಮನ ಫೋನು ಬಂತು. "ಸಾಹೇಬ್ರ, ಕೆಂದಾಕಳ ಜೊಲ್ಲು ಸುರಸಾಕತ್ತೈತಿ. ಲಗೂನ ಬರ್ರಿ."

ನಾವು ಹೋಗುವ ಹೊತ್ತಿಗೆ ಮೂರಕ್ಕೆ ಬಂದಿತ್ತು. ಮರುದಿನ ಏಳಕ್ಕೂ. ಆ ವಾರದಲ್ಲೇ ಪಕ್ಕದ ಮೂರು ಕೊಟ್ಟಿಗೆಗೂ. ದೊಡ್ಡ ದನಗಳು ಈ ರೋಗಕ್ಕೆ ಸಾಮಾನ್ಯವಾಗಿ ಸಾಯುವುದಿಲ್ಲ, ಸೊರಗುತ್ತವೆ, ಹಾಲು ಬತ್ತುತ್ತದೆ. ಎಳೆಗರುಗಳ ಗತಿ ಬೇರೆ, ರೋಗ ಅವುಗಳ ಎದೆಗೆ ಇಳಿಯುತ್ತದೆ. ಗೌರಿ ಹುಣ್ಣು ಕಾಣುವ ಮೊದಲೇ, ಹಾಲು ಕುಡಿಯುತ್ತಿದ್ದಾಗಲೇ ಮುಂಗಾಲು ಮಡಚಿ ಕೆಳಗೆ ಬಿತ್ತು, ಮತ್ತೆ ಏಳಲಿಲ್ಲ. ನಾನು ಅಲ್ಲೇ ನಿಂತಿದ್ದೆ. ದ್ಯಾವಮ್ಮ ಅದರ ಬಾಯಿ ಒರೆಸುತ್ತ, "ಏನಾರ ಮಾಡ್ರಿ ಸಾಹೇಬ್ರ, ಡಾಕ್ಟರ್ ಅದೀರಲ್ರಿ" ಎಂದಳು. ನನ್ನ ಕೈಯಲ್ಲಿ ಫಾರಂ ಇತ್ತು. ಅಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ, ಆದರೆ ಆಗ ಅದು ನಾಚಿಕೆ ಎಂದು ಗೊತ್ತಾಗಲಿಲ್ಲ, ದುಃಖ ಎಂದುಕೊಂಡೆ.

ನಕ್ಷೆ ತಯಾರಾಯಿತು. ಮೂಲ ಯಾವುದು ಎಂದು ಸಾಹೇಬರು ಕೇಳಿದರು. ಓಣಿಯಲ್ಲಿ ಮೊದಲು ಹುಣ್ಣು ಕಂಡದ್ದು ದ್ಯಾವಮ್ಮನ ಕೊಟ್ಟಿಗೆಯಲ್ಲಿ. ಆಕೆ ಹೊರ ರಾಜ್ಯದಿಂದ ಮಣಕ ತಂದಿದ್ದಳು. ಮೂರು ತಿಂಗಳ ಹಿಂದೆ ತಂದ ಮಣಕದಿಂದ ಈಗ ರೋಗ ಬರಲಾರದು ಎಂದು ನಾನು ಸಣ್ಣ ದನಿಯಲ್ಲಿ ಹೇಳಿದ್ದೇನೋ ಹೌದು. ಸಾಹೇಬರಿಗೆ ಹೊರ ರಾಜ್ಯ ಎಂಬ ಎರಡು ಪದ ಕಿವಿಗೆ ಬಿದ್ದಿದ್ದೇ ಸಾಕಾಯಿತು. ರೋಗ ನಮ್ಮಲ್ಲಿ ಹುಟ್ಟಿದ್ದಲ್ಲ, ಹೊರಗಿನಿಂದ ಬಂದದ್ದು ಎಂದರೆ ತಪ್ಪು ನಮ್ಮಲ್ಲಿ ಯಾರ ಮೇಲೂ ಬರುವುದಿಲ್ಲ. "ಪರ್ಫೆಕ್ಟ್" ಎಂದರು. ಗುಲಾಬಿ ಚುಕ್ಕೆಗಳ ನಡುವೆ ದ್ಯಾವಮ್ಮನ ಕೊಟ್ಟಿಗೆ ಕೆಂಪಾಯಿತು. ಕೆಳಗೆ ನಾನು ಸಹಿ ಹಾಕಿದೆ.

ಸಹಿ ಹಾಕಿದ ಮೂರನೆಯ ದಿನ ಆ ನಕ್ಷೆ ಜೀಪಿನ ಸೀಟಿನ ಮೇಲಿತ್ತು. ನರ್ಸಿಮ್ಲು ಅದನ್ನು ನೋಡುತ್ತ ಕೂತಿದ್ದ. ಎಂಟನೆಯ ತರಗತಿಯವರೆಗೆ ಓದಿದ ಮನುಷ್ಯ, ಜೀಪಿನ ಲಾಗ್‌ಬುಕ್ ಬರೆಯುವುದರಲ್ಲಿ ಮಾತ್ರ ಕಟ್ಟುನಿಟ್ಟು. ಎಷ್ಟು ಗಂಟೆಗೆ ಎಲ್ಲಿ ನಿಂತಿತು ಎಂದು ಒಂದನ್ನೂ ಬಿಡುವವನಲ್ಲ. ಅವನು ಲಾಗ್‌ಬುಕ್ಕನ್ನು ನಕ್ಷೆಯ ಪಕ್ಕದಲ್ಲಿಟ್ಟು ಮೆಲ್ಲಗೆ ಹೇಳಿದ: "ಸಾರ್, ಇದಿ ಮನ ಬಂಡಿ ದಾರೇ ಕದಾ?" ಇದು ನಮ್ಮ ಗಾಡಿ ಹೋದ ದಾರಿಯೇ ಅಲ್ಲವೇ?

ನೋಡಿದೆ. ತಬೇಲಾ, ದ್ಯಾವಮ್ಮ, ಪಕ್ಕದ್ದು, ಎದುರಿನದು, ಕೊನೆಯದು. ಸೋಮವಾರ ನಾವು ನಿಂತ ಕ್ರಮದಲ್ಲೇ ಹುಣ್ಣು ಎದ್ದಿತ್ತು. ಬೀಗ ಹಾಕಿದ್ದ ಎರಡು ಕೊಟ್ಟಿಗೆಗಳು ಅದೇ ಓಣಿಯಲ್ಲಿ, ಅದೇ ಗಾಳಿಯಲ್ಲಿ, ಅದೇ ಬೀದಿನಾಯಿಗಳ ನಡುವೆ ಆರಾಮಾಗಿದ್ದವು. ಹಾಲಿನ ವ್ಯಾನು, ಹಿಂಡಿ, ದಲಾಲಿ ಎಂದು ಅಷ್ಟು ಕಾಲಂ ಮಾಡಿದ ನಾನು, ಕೊಟ್ಟಿಗೆಯಿಂದ ಕೊಟ್ಟಿಗೆಗೆ ದಿನವಿಡೀ ತಿರುಗುವ, ದನದ ಬಾಯಿಗೇ ಕೈ ಹಾಕುವ ಒಬ್ಬನನ್ನು ಬಿಟ್ಟಿದ್ದೆ. ಜೀಪಿನ ಕನ್ನಡಿಯ ಹತ್ತಿರ ಒಣಗಲು ಹಾಕಿದ್ದ ನನ್ನ ಟವೆಲನ್ನು ನರ್ಸಿಮ್ಲು ನೋಡಿದ. ನಾನೂ ನೋಡಿದೆ.

ಸಾಹೇಬರ ಹತ್ತಿರ ಹೋದೆ. ಲಾಗ್‌ಬುಕ್ ಮುಂದಿಟ್ಟು ಎಲ್ಲ ಹೇಳಿ, ಮೂಲ ಬದಲಾಯಿಸಬೇಕು ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಅದೇ ಅವರ ದೊಡ್ಡತನ. ಫಾರಂ ತಿರುವಿ ನೋಡಿ, "ಇದರಲ್ಲಿ ನಿಮ್ಮನ್ನು ಬರೆಯಲು ಕಾಲಂ ಎಲ್ಲಿದೆ?" ಎಂದು ನಿಜವಾಗಿಯೂ ತಿಳಿಯದವರಂತೆ ಕೇಳಿದರು. ಕಾಲಂ ಇರಲಿಲ್ಲ. ಫಾರಂ ಮಾಡಿದವನು ನಾನೇ ಅಲ್ಲವೇ. "ರಿಪೋರ್ಟ್ ಹೋಗಿಯಾಗಿದೆ. ಸುಮ್ಮನೆ ಇರಿ, ಇನ್ನೆರಡು ವರ್ಷ ಇದೆ ನಿಮಗೆ" ಎಂದರು. ಒಂದು ಟಿಪ್ಪಣಿ ಬರೆದುಕೊಟ್ಟೆ. ಅದು ಕಡತದಲ್ಲಿ ಮಲಗಿತು. ನಾನು ಇನ್ನೊಂದು ಸಲ ಹೋಗಬಹುದಿತ್ತು, ಮೇಜು ಗುದ್ದಬಹುದಿತ್ತು, ಪೇಪರಿನವರಿಗೆ ಹೇಳಬಹುದಿತ್ತು. ಸುಮ್ಮನೆ ಇದ್ದೆ. ಹೆದರಿಕೆಯೇ, ಬೇರೇನೂ ಅಲ್ಲ.

ಅಷ್ಟರಲ್ಲಿ ವರದಿಯ ಸುದ್ದಿ ಓಣಿಗೆ ಮುಟ್ಟಿತ್ತು. ರೋಗ ತಂದವಳು ಕರ್ನಾಟಕದ ಹೆಂಗಸು ಎಂದು ಪಕ್ಕದವರು ಅರ್ಜಿ ಬರೆದರು. ಕಾಲೊನಿಯವರು ಹಾಲು ಬಿಟ್ಟರು. ಕೊಟ್ಟಿಗೆ ತೆಗೆಯಬೇಕೆಂದು ನೋಟಿಸು ಅಂಟಿತು. ನಾನು ಬೇರೆ ಬೀದಿಯಿಂದ ಮನೆಗೆ ಹೋಗತೊಡಗಿದೆ. ಒಂದು ದಿನ ಧೈರ್ಯ ಮಾಡಿ ಆ ಓಣಿಗೆ ತಿರುಗಿದಾಗ ತಗಡಿನ ಬಾಗಿಲು ಇರಲಿಲ್ಲ. ಒಡೆದ ಟಬ್ಬು ಬಿದ್ದಿತ್ತು.

ಉಳಿದ ಎರಡು ವರ್ಷ ನಾನು ಭಾಳ ಶುದ್ಧನಾದೆ. ಪ್ರತಿ ಕೊಟ್ಟಿಗೆಗೂ ಬೇರೆ ಬೂಟು, ಬೇರೆ ಕೈಗವಸು, ಸೋಡಾದ ನೀರು. ಆರಾಮಾಗಿರುವ ಕೊಟ್ಟಿಗೆಗೆ ಬೆಳಿಗ್ಗೆ ಮೊದಲು ಹೋಗುವುದು, ಜಡ್ಡಿನ ಕೊಟ್ಟಿಗೆಗೆ ಹೋದ ಮೇಲೆ ಆ ದಿನ ಮತ್ತೆಲ್ಲೂ ಹೋಗದಿರುವುದು. ಹೊಸಬರಿಗೆ ಇದನ್ನು ಕಲಿಸಿದೆ. ಯಾಕೆ ಎಂದು ಹೇಳಲಿಲ್ಲ. ಅವರು ನನ್ನನ್ನು ಮಡಿವಂತ ಎಂದು ಬೆನ್ನ ಹಿಂದೆ ನಗುತ್ತಿದ್ದರಂತೆ.

ಶಾಲು ಹೊದಿಸಿದ ಮರುದಿನ ನರ್ಸಿಮ್ಲು ಮನೆಗೆ ಬಂದ. ರಿಂಗ್ ರೋಡಿನ ಆಚೆ ದ್ಯಾವಮ್ಮ ಇರುವ ಜಾಗ ಅವನಿಗೆ ಗೊತ್ತಿತ್ತು. ಅವನ ಸ್ಕೂಟರಿನ ಹಿಂದೆ ಕೂತು ಹೋದೆ.

ಬಾಗಿಲು ಹೊಸದು, ಹಗ್ಗದಲ್ಲಿ ಬೇವು ಹಸಿಯಾಗಿತ್ತು, ಟಬ್ಬೂ ಹೊಸದು. ದ್ಯಾವಮ್ಮನ ಕೂದಲು ಬಿಳಿಯಾಗಿತ್ತು. ನನ್ನನ್ನು ಗುರುತು ಹಿಡಿದಳು. ಹಗ್ಗ ಬಿಚ್ಚಲಿಲ್ಲ.

ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಒಂದೂ ನೆನಪಾಗಲಿಲ್ಲ. "ದ್ಯಾವಮ್ಮ, ಅವತ್ತ ರೋಗಾ ತಂದಾಂವ ನಾನವಾ" ಎಂದೆ.

"ಗೊತ್ತೈತ್ರಿ."

"ಯಾವಾಗ ಗೊತ್ತಾತು?"

"ಅವತ್ತ ಗೊತ್ತಿತ್ತು. ನೀವು ಬಂದು ಹೋಗಿ ಆರ ದಿನಕ್ಕ ಜೊಲ್ಲು ಬಂತು. ನನ್ನ ಬಾಗಲಾ ದಾಟಿ ಒಳಗ ಬಂದಾವ್ರು ನೀವೊಬ್ರ."

"ಮತ್ತ ಯಾಕ ಹೇಳಲಿಲ್ಲವಾ?"

ಆಕೆಗೆ ನಗು ಬಂತು. ಆ ನಗು ನನಗೆ ಹಿಡಿಸಲಿಲ್ಲ. "ಯಾರ ಕೇಳಿದ್ರಿ? ಹಲ್ಲೆಷ್ಟು ಅಂದ್ರಿ, ಸೂಲೆಷ್ಟು ಅಂದ್ರಿ, ಹಿಂಡಿ ಎಲ್ಲಿದು ಅಂದ್ರಿ. ಯಾರಿಂದ ಬಂತು ಅಂತ ನಿನಗ ಅನಸ್ತೈತಿ ದ್ಯಾವಮ್ಮ ಅಂತ ಒಬ್ಬರ ಕೇಳಿದ್ರೇನ್ರಿ?"

ನಾನು ತಲೆ ತಗ್ಗಿಸಿದೆ. ಆಕೆ ಈ ಸಲ ಬೇರೆ ದನಿಯಲ್ಲಿ ಹೇಳಿದಳು: "ಅದು ಆಗಿ ಹೋತು ಬಿಡ್ರಿ. ಈಗಿನ ಮಾತ ಕೇಳ್ರಿ. ಎಲ್ಲೆರ ರೋಗ ಬಂತಂದ್ರ ನಿಮ್ಮ ಹೊಸಾ ಮಂದಿ ಮೊದಲ ನನ್ನ ಬಾಗಲಕ್ಕ ಬರ್ತಾರ. ಮೊಬೈಲ್ ತೋರಸ್ತಾರ, ನೋಡು ಇಲ್ಲಿ ಕೆಂಪು ಐತಿ ಅಂತಾರ. ಜಾಗಾ ಬಿಟ್ಟು ಇಷ್ಟ ದೂರ ಬಂದೀನಿ, ಆ ಕೆಂಪು ನನ್ನ ಬೆನ್ನ ಹತ್ತಿ ಬಂದೈತಿ. ಹಗ್ಗಾ ಕಟ್ಟಿದ್ರೂ ಪೊಲೀಸ್ರನ್ನ ಕರಸ್ತೀವಿ ಅಂತಾರ. ನಾಲ್ಕ ಕೊಟ್ಟಿಗಿ ತಿರುಗಿದ ಬೂಟು ಹಾಕ್ಕೊಂಡು ಬರ್ತಾರ್ರಿ ಸಾಹೇಬ್ರ. ಈಗ ಮತ್ತ ಎರಡು ಎಳೀ ಕರಾ ಅದಾವ. ಆ ಕೆಂಪಷ್ಟ ತಗಸ್ರಿ."

ಮೊಬೈಲ್ ನಂಬರೇ ಗುರುತು, ಜಾಗವಲ್ಲ. ಗಾಜಿನ ಕಟ್ಟಡದಲ್ಲಿ ನಾನು ತಲೆಯಾಡಿಸಿದ್ದು ನೆನಪಿದೆಯಲ್ಲ.

ಮನೆಗೆ ಬಂದು ಆ್ಯಪ್ ತೆರೆದೆ. ನಿವೃತ್ತನಾದ ದಿನವೇ ನನ್ನ ಪಾಸ್‌ವರ್ಡ್ ಮುಚ್ಚಿದ್ದರು. ನಮ್ಮ ಕಚೇರಿ ಅಷ್ಟು ಚುರುಕಾಗಿ ಕೆಲಸ ಮಾಡಿದ್ದು ಅದೊಂದು ಸಲ. ಕಚೇರಿಗೆ ಹೋಗಿ ಕೇಳಿದೆ. ಸಾಹೇಬರು ಚಹಾ ತರಿಸಿ, ಮಕ್ಕಳು ಏನು ಮಾಡುತ್ತಿದ್ದಾರೆ ಎಂದು ವಿಚಾರಿಸಿದರು. ಲಿಖಿತವಾಗಿ ಮೂರು ಸಲ ಕೊಟ್ಟಿದ್ದೇನೆ. ಮೂರಕ್ಕೂ ಸ್ವೀಕೃತಿ ಮುದ್ರೆ ಬಿದ್ದಿದೆ.

ಆದ್ದರಿಂದ ಈಗ ನಿಮಗೆ ಹೇಳುತ್ತಿದ್ದೇನೆ, ಹೊಸದಾಗಿ ಸೇರಿದವರಿಗೆ. ರೋಗ ಬಂದ ಬೆಳಿಗ್ಗೆ ನಿಮ್ಮ ಕೈಗೆ ಆ ನಕ್ಷೆ ಬರುತ್ತದೆ. ಗುಲಾಬಿಗಳ ನಡುವೆ, ರಿಂಗ್ ರೋಡಿನ ಆಚೆ ಒಂದು ಕೆಂಪು ಚುಕ್ಕೆ ಕಾಣುತ್ತದೆ. ಅಲ್ಲಿಗೆ ಹೋಗಬೇಡಿ. ಹೋಗಲೇಬೇಕೆಂದು ಹುಕುಂ ಆದರೆ ಹಗ್ಗದ ಈಚೆ ನಿಂತು, ಏನು ಕೇಳಬೇಕೋ ಅಲ್ಲಿಂದಲೇ ಕೇಳಿ. ಕನ್ನಡ ಬಂದರೂ ಕನ್ನಡ ಮಾತಾಡಬೇಡಿ. ಆಕೆ ಟಬ್ಬು ತೋರಿಸಿದರೆ ಕಾಲು ತೊಳೆಯಿರಿ, ತೊಳೆದ ಮೇಲೂ ಒಳಗೆ ಬಿಡದಿದ್ದರೆ ವಾಪಸು ಬನ್ನಿ. ನಾನು ಕಾಲಿಡದ ಕೊಟ್ಟಿಗೆಯೇ ಇಲ್ಲ ಎಂದು ಸಾಹೇಬರು ಹೊಗಳಿದ್ದು ಸುಳ್ಳು. ಆಕೆಯ ಆ ಹೊಸ ಕೊಟ್ಟಿಗೆಯೊಂದಕ್ಕೆ ನಾನು ಕಾಲಿಟ್ಟಿಲ್ಲ, ನನ್ನನ್ನು ಬಿಟ್ಟಿಲ್ಲ.

ನಿಮ್ಮ ಬಳಿ ಪಾಸ್‌ವರ್ಡ್ ಇದೆ. ಆ ಚುಕ್ಕೆ ಎಲ್ಲಿಗೆ ಸರಿಸುವುದು, ಮೂಲ ಖಾಲಿ ಬಿಡಲು ಆ್ಯಪ್ ಒಪ್ಪುವುದಿಲ್ಲ ಎಂದು ನೀವು ಕೇಳುತ್ತೀರಿ. ಒಪ್ಪುವುದಿಲ್ಲ, ಗೊತ್ತು. ಕುಷಾಯಿಗೂಡದಲ್ಲಿ ನನ್ನ ಮನೆಯಿದೆ, ವಿಳಾಸ ಪಿಂಚಣಿಯ ಕಡತದಲ್ಲಿ ಸಿಗುತ್ತದೆ. ದ್ಯಾವಮ್ಮನ ನಂಬರು ಅಳಿಸಿ ನನ್ನ ನಂಬರು ಹಾಕಿ. ಓಟಿಪಿ ಬಂದ ತಕ್ಷಣ ಹೇಳುತ್ತೇನೆ, ಫೋನು ಕೈಯಲ್ಲೇ ಹಿಡಿದು ಕೂತಿದ್ದೇನೆ.